ಶಿಲಾಬಿಂಬದ ಪ್ರತಿ: ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಸೀಮೆಯ ಜಿನಶಿಲ್ಪಗಳನ್ನು ಕುರಿತು

ಬಿ. ಎಲ್. ರೈಸ್ ಅವರು 1901ರಲ್ಲಿ ಹೊರತಂದ ಎಪಿಗ್ರಾಫಿಯಾ ಕರ್ನಾಟಿಕದ ಆರನೆಯ ಸಂಪುಟದಲ್ಲಿ ನರಸಿಂಹರಾಜಪುರವೆಂಬ ಹೆಸರನ್ನು ಅರಸಿದವರಿಗೆ ಅದು ದೊರೆಯದು. ಆಗ ಆ ಊರು ಎಡೆಹಳ್ಳಿ. ಯುವರಾಜ ಕಂಠೀರವ ನರಸಿಂಹರಾಜ ಒಡೆಯರ ಹೆಸರು ಅದಕ್ಕೆ ಬಂದುದು 1915ರಲ್ಲಿ. ಆದಕಾರಣ ಇಂದಿನ ನರಸಿಂಹರಾಜಪುರದ ಸುತ್ತಣ ಶಾಸನಗಳನ್ನು ಕೊಪ್ಪದ ಅಂಕಿಗಳ ಕೆಳಗೆ ನೋಡಬೇಕು. ಶೃಂಗೇರಿ ಅಂದು ಜಾಗೀರಾಗಿದ್ದುದರಿಂದ ಅದಕ್ಕೆ ಬೇರೆ ಅಂಕಿಗಳುಂಟು. ಮಲೆನಾಡಿನ ಈ ಮೂರು ಸೀಮೆಗಳ ಜೈನ ಇತಿಹಾಸವನ್ನು ಬರೆಯಹೊರಟವರೆಲ್ಲ ಈ ಸಂಪುಟದಿಂದಲೇ ಹೊರಟಿದ್ದಾರೆ. ಅದು ಸಾಧ್ಯವಾದದ್ದು ಅಂದಿನ ಇಲಾಖೆಯವರು ಕಲ್ಲಿನಿಂದ ಕಾಗದಕ್ಕೆ ಪಡಿಯಚ್ಚು ತೆಗೆದಿಟ್ಟುದರಿಂದ. ಇಂದು ಕಲ್ಲಿನ ಮುಂದೆ ನಿಂತರೆ ಕಾಣದ ಅಕ್ಷರ ಹಳೆಯ ಅಚ್ಚಿನಲ್ಲಿ ಕಾಣುವುದು ಶಾಸನಜ್ಞರಿಗೆ ಹೊಸ ಅನುಭವವೇನಲ್ಲ.

ಆದರೆ ಕಾಗದದ ಅಚ್ಚಿಗೆ ಎರಡು ಮಿತಿಗಳಿವೆ. ಒದ್ದೆ ಕಾಗದವನ್ನು ಕಲ್ಲಿನ ಮೇಲೆ ಹಾಸಿ, ಕುಂಚದಿಂದ ತಟ್ಟಿ, ಅಕ್ಷರದ ತಗ್ಗಿನೊಳಕ್ಕೆ ಇಳಿಸಿ, ಮೇಲೆ ಮಸಿ ಬಡಿಯುವ ಈ ಕೆಲಸವನ್ನು ಗಟ್ಟಿ ಶಿಲೆ ತಾಳಿಕೊಳ್ಳುತ್ತದೆ. ಪದರು ಬಿಡುತ್ತಿರುವ ಶಿಲೆ ತಾಳಲಾರದು. ಎರಡನೆಯದಾಗಿ, ಅದು ಹಾಸುಗಲ್ಲಿಗೆ ಒಪ್ಪುವ ವಿಧಾನ. ಬಿಂಬಕ್ಕೆ, ಯಕ್ಷಿಯ ಎಂಟು ಕೈಗಳಿಗೆ, ಪ್ರಭಾವಳಿಯ ಸಂದುಗಳಿಗೆ ಕಾಗದ ಹೊದಿಸುವಂತಿಲ್ಲ. ಆದುದರಿಂದ ಶಾಸನಗಳ ಪ್ರತಿ ನಮ್ಮಲ್ಲಿ ಉಳಿಯಿತು, ಬಿಂಬಗಳ ಪ್ರತಿ ಉಳಿಯಲಿಲ್ಲ. ಈ ಕೊರತೆಯನ್ನು ಈಚಿನ ತ್ರಿಪರಿಮಾಣ ಡಿಜಿಟಲ್ ಮಾದರಿಗಳು ಎಷ್ಟರಮಟ್ಟಿಗೆ ತುಂಬಬಲ್ಲವು, ಮತ್ತು ಹಸ್ತಪ್ರತಿಗಳನ್ನು ಪರಿಷ್ಕರಿಸುವವರು ಆ ಕೆಲಸವನ್ನು ಯಾವ ಕಣ್ಣಿನಿಂದ ನೋಡಬೇಕು ಎಂಬುದು ಪ್ರಸ್ತುತ ಲೇಖನದ ವಿಷಯ.

ಮೊದಲಿಗೆ ಈ ಸೀಮೆಯ ಸ್ಥಿತಿಯನ್ನು ನೋಡಬಹುದು. ಶೃಂಗೇರಿಯೆಂದೊಡನೆ ಶಾರದಾಪೀಠವೂ ವಿದ್ಯಾಶಂಕರ ದೇವಾಲಯವೂ ಕಣ್ಣ ಮುಂದೆ ನಿಲ್ಲುವುದು ಸಹಜ. ಊರ ನಡುವೆಯೇ ಇರುವ ಪಾರ್ಶ್ವನಾಥ ಬಸದಿ ವಿದ್ಯಾಶಂಕರ ದೇವಾಲಯಕ್ಕಿಂತ ಎರಡು ಶತಮಾನಗಳಷ್ಟು ಹಿರಿಯದೆಂಬುದನ್ನು ಯಾತ್ರಿಕರಲ್ಲಿ ಬಲ್ಲವರು ಕಡಿಮೆ. 12ನೆಯ ಶತಮಾನದ ನಡುಭಾಗದಲ್ಲಿ, ಬೇಲೂರ ಕಡೆಯ ನಿಡುಗೋಡಿನ ಮನೆತನಕ್ಕೆ ಸೇರಿದ ಮಾರಿಸೆಟ್ಟಿಯ ನೆನಪಿಗಾಗಿ ಎತ್ತಿಸಿದ ಬಸದಿಯಿದು. ವರ್ತಕ ಮನೆತನವೊಂದು ಅಗಲಿದ ಹಿರಿಯನ ಪರೋಕ್ಷವಿನಯಕ್ಕೆಂದು ಘಟ್ಟದ ಈ ತುದಿಯಲ್ಲಿ ಬಸದಿ ಕಟ್ಟಿಸಿತೆಂಬುದು ಅಂದಿನ ವ್ಯಾಪಾರದ ದಾರಿಗಳ ಬಗೆಗೂ ಹೇಳುವ ಮಾತು. ಗರ್ಭಗೃಹದಲ್ಲಿರುವುದು ಆಳೆತ್ತರದ ವಿಗ್ರಹವಲ್ಲ. ಸರ್ಪಫಣೆಯ ಕೆಳಗಣ ಕಿರಿದಾದ ಕರಿಶಿಲೆಯ ಬಿಂಬ.

ಕೊಪ್ಪ ಭಾಗದ ಶಾಸನಗಳಲ್ಲಿ 1530ರದೊಂದು ಓದಿದವರ ಮನಸ್ಸಿನಿಂದ ಮಾಸುವಂಥದಲ್ಲ. ಕಳಸ-ಕಾರ್ಕಳದ ಭೈರರಸನ ತಂಗಿ ಕಾಳಲದೇವಿ ಬಗುಂಜಿ ಸೀಮೆಯನ್ನು ಆಳುತ್ತಿದ್ದವಳು. ಮಗಳ ಮರಣದ ನಿಮಿತ್ತವಾಗಿ ಕಲ್ಲಬಸದಿಯ ಪಾರ್ಶ್ವತೀರ್ಥಂಕರನಿಗೆ ಅವಳು ಭೂಮಿ ಬಿಟ್ಟಳು. ಶೃಂಗೇರಿಯಲ್ಲಿ ಒಬ್ಬ ಸೆಟ್ಟಿಯ ಸಾವು, ಇಲ್ಲಿ ಒಬ್ಬ ಅರಸುಗುವರಿಯ ಸಾವು. ಈ ನಾಡಿನ ಕಲ್ಲುಗಳನ್ನು ಬರಿಯ ಕಲಾವಸ್ತುಗಳೆಂದು ಎಣಿಸುವವರು ಈ ಎರಡು ಶಾಸನಗಳನ್ನು ಒಮ್ಮೆ ಓದಿಕೊಳ್ಳುವುದು ಒಳ್ಳೆಯದು.

ನರಸಿಂಹರಾಜಪುರದ ಸಿಂಹನಗದ್ದೆಯ ವಿಷಯ ಬೇರೆಯಾಗಿದೆ. ಅದು ಜೀವಂತವಾದ ಮಠ, ಭಟ್ಟಾರಕ ಪೀಠ, ಜ್ವಾಲಾಮಾಲಿನೀ ದೇವಿಯ ಅತಿಶಯ ಕ್ಷೇತ್ರ. ದೇವಿಯ ವಿಗ್ರಹ ಗೇರುಸೊಪ್ಪೆಯಿಂದ ಬಂದುದೆಂದು ಪ್ರತೀತಿ. ಚಂದ್ರಪ್ರಭನ ಯಕ್ಷಿಯಾದ ಈಕೆಯ ಲಕ್ಷಣವನ್ನು ಇಂದ್ರನಂದಿಯು ಶಕ 861ರಲ್ಲಿ, ಎಂದರೆ ಕ್ರಿ. ಶ. 939ರಲ್ಲಿ, ಮಾನ್ಯಖೇಟದಲ್ಲಿ ಮುಗಿಸಿದ ಜ್ವಾಲಾಮಾಲಿನೀ ಕಲ್ಪದಲ್ಲಿ ಹೇಳಿದ್ದಾನೆ: ಮಹಿಷ ವಾಹನ, ಎಂಟು ಕೈಗಳು, ಅವುಗಳಲ್ಲಿ ತ್ರಿಶೂಲ, ಪಾಶ, ಝಷ, ಧನುಸ್ಸು, ಬಾಣ, ಫಲ, ವರದ, ಚಕ್ರ. ಪೂಜೆಗೊಳ್ಳುವ ಯಕ್ಷೀಬಿಂಬಗಳಲ್ಲಿ ಈ ಎಂಟನ್ನೂ ಒಂದೊಂದಾಗಿ ಎಣಿಸಿ ಗ್ರಂಥದೊಡನೆ ತಾಳೆ ನೋಡುವ ಅವಕಾಶ ವಿದ್ವಾಂಸರಿಗೆ ಎಲ್ಲಿ ದೊರೆಯುತ್ತದೆ? ಸೀರೆ, ಹೂವು, ಬೆಳ್ಳಿಯ ಕವಚಗಳ ಮರೆಯಲ್ಲಿ ಲಕ್ಷಣವು ಅಡಗಿರುತ್ತದೆ. ಇದು ದೂರಲ್ಲ, ಪೂಜಾಬಿಂಬ ಇರಬೇಕಾದುದೇ ಹಾಗೆ. ಆದರೆ ಅಡಗಿರುವಾಗಲೇ ಅದು ಸವೆಯುತ್ತಲೂ ಇರುತ್ತದೆ ಎಂಬುದನ್ನು ಮರೆಯಬಾರದು.

ಸವೆತಕ್ಕೆ ಕಾರಣಗಳು ಹಲವು. ಆಗುಂಬೆಯಲ್ಲಿ ವರ್ಷಕ್ಕೆ 7000 ಮಿಲಿಮೀಟರಿಗೂ ಮೇಲ್ಪಟ್ಟು ಮಳೆ ಬೀಳುತ್ತದೆ. ಈ ಮೂರು ಊರುಗಳು ಅಷ್ಟನ್ನು ಕಾಣದಿದ್ದರೂ ಆ ಮಳೆಯ ಸೆರಗಿನಲ್ಲಿಯೇ ಇವೆ. ಬಯಲಿನಲ್ಲಿ, ಅಡಕೆ ತೋಟಗಳ ಅಂಚಿನಲ್ಲಿ ನಿಂತ ನಿಷಿಧಿಗಲ್ಲುಗಳೂ ವೀರಗಲ್ಲುಗಳೂ ವರ್ಷದ ಅರ್ಧಕಾಲ ಒದ್ದೆಯಾಗಿರುತ್ತವೆ. ಪಾಚಿ, ಕಲ್ಲುಹೂವುಗಳ ಬೇರು ಕಣಗಳ ನಡುವೆ ಇಳಿಯುತ್ತದೆ. ಹೊಯ್ಸಳರ ಕಾಲದಲ್ಲಿ ಬಹುವಾಗಿ ಬಳಕೆಯಾದ ಬಳಪದ ಕಲ್ಲು ಉಳಿಗೆ ಮೃದು, ಅದರಿಂದಲೇ ಸೂಕ್ಷ್ಮ ಕೆತ್ತನೆಗೆ ಒದಗಿತು. ಅದೇ ಮೃದುತ್ವದಿಂದ ಉಜ್ಜಿದರೆ ಬೇಗ ತೇಯುತ್ತದೆ. ಗರ್ಭಗೃಹದೊಳಗಿನ ಬಿಂಬಕ್ಕೆ ಮಳೆಯ ಭಯವಿಲ್ಲ, ಆದರೆ ನಿತ್ಯ ಅಭಿಷೇಕ, ಎಣ್ಣೆಯ ಪದರು, ಒರೆಸುವ ಬಟ್ಟೆ ಇವೆ. ನೂರು ವರ್ಷ ದಿನವೂ ಒರೆಸಿದ ಮುಖದ ಮೇಲೆ ಮೂಗಿನ ಗೆರೆ ಮೊದಲಿನಂತೆ ಇರುವುದೆಂದು ಯಾರೂ ಹೇಳಲಾರರು.

ಸವೆದ ಬಿಂಬವನ್ನು ಏನು ಮಾಡಬೇಕೆಂಬ ಪ್ರಶ್ನೆಯನ್ನು ನಮ್ಮ ಪೂರ್ವಿಕರು ಎದುರಿಸಿಯೇ ಇದ್ದರು. ದೆಹಲಿಯಲ್ಲಿ ಅಲ್ಲಾವುದ್ದೀನ್ ಖಲ್ಜಿಯ ಆಡಳಿತದಲ್ಲಿ ಅಧಿಕಾರಿಯಾಗಿ ಟಂಕಸಾಲೆಯ ಕೆಲಸ ಬಲ್ಲವನಾಗಿದ್ದ ಠಕ್ಕುರ ಫೇರು ಎಂಬ ಜೈನ ಗೃಹಸ್ಥನು ವಿಕ್ರಮ ಸಂವತ್ 1372ರಲ್ಲಿ, ಕ್ರಿ. ಶ. 1315ರಲ್ಲಿ, ಪ್ರಾಕೃತದಲ್ಲಿ ವಾಸ್ತುಸಾರವನ್ನು ರಚಿಸಿದನು. ಅವನ ಮಾತಿನ ತಾತ್ಪರ್ಯವಿಷ್ಟು: ನೂರು ವರ್ಷ ಮೀರಿದ, ಉತ್ತಮ ಪುರುಷರು ಪ್ರತಿಷ್ಠಿಸಿದ ಬಿಂಬವು ಅಂಗವಿಕಲವಾಗಿದ್ದರೂ ಪೂಜಾರ್ಹ, ಲೋಹದ ಬಿಂಬವನ್ನೂ ಲೇಪ್ಯದ ಬಿಂಬವನ್ನೂ ಊನವಾದರೆ ಮತ್ತೆ ಸರಿಪಡಿಸಬಹುದು, ಮರ, ರತ್ನ, ಶಿಲೆಗಳ ಬಿಂಬವನ್ನು ಮಾತ್ರ ಮರಳಿ ಸರಿಪಡಿಸುವಂತಿಲ್ಲ. ಫೇರು ಶ್ವೇತಾಂಬರ ಪರಂಪರೆಯವನು. ನಮ್ಮ ದಿಗಂಬರ ಪ್ರತಿಷ್ಠಾಗ್ರಂಥಗಳಲ್ಲಿ, ಆಶಾಧರನಲ್ಲಿಯೂ ನೇಮಿಚಂದ್ರನಲ್ಲಿಯೂ, ಜೀರ್ಣಬಿಂಬದ ವಿಧಿ ಹೇಗಿದೆಯೆಂಬುದನ್ನು ಪಂಡಿತರು ಇದರೊಡನೆ ಹೋಲಿಸಿ ನಿರ್ಣಯಿಸಬೇಕು. ಆದರೆ ಮೂರನೆಯ ಮಾತಿನಲ್ಲಿ ಶಿಲೆಯ ಸ್ವಭಾವವನ್ನರಿತ ವಿವೇಕವಿದೆ. ಲೋಹವನ್ನು ಕರಗಿಸಿ ಬೆಸೆಯಬಹುದು, ಕಲ್ಲಿಗೆ ಕಳೆದುಕೊಂಡ ಕಣ ಮರಳಿ ಬಾರದು. ಇಂದಿನ ಸಂರಕ್ಷಣಾ ಶಾಸ್ತ್ರಜ್ಞರು ಸಿಮೆಂಟಿನಿಂದ ಮೂಗು ಮೆತ್ತುವುದನ್ನು ನಿಷೇಧಿಸುವುದೂ ಈ ಕಾರಣದಿಂದಲೇ. ಚಿಕಿತ್ಸೆಯಿಲ್ಲದ ವಸ್ತುವಿಗೆ ಉಳಿದಿರುವ ದಾರಿ, ಈಗಿರುವ ರೂಪವನ್ನು ಈಗಲೇ ಬರೆದಿಡುವುದು.

ಬಿಂಬವನ್ನು ಅಳೆದು ಬರೆದಿಡುವುದು ನಮಗೆ ಹೊರಗಿನಿಂದ ಬಂದ ವಿದ್ಯೆಯೆಂದು ತಿಳಿಯಬೇಕಾಗಿಲ್ಲ. ಈ ಸೀಮೆಯನ್ನು ಬಿಟ್ಟು ಕ್ಷಣಕಾಲ ಶ್ರವಣಬೆಳಗೊಳಕ್ಕೆ ಹೋದರೆ ಅದಕ್ಕೆ ಒಳ್ಳೆಯ ಸಾಕ್ಷಿ ದೊರೆಯುತ್ತದೆ. ಸುಮಾರು 1825ರಲ್ಲಿ, ಮುಮ್ಮಡಿ ಕೃಷ್ಣರಾಜ ಒಡೆಯರ ಅಪ್ಪಣೆಯಂತೆ, ಮಸ್ತಕಾಭಿಷೇಕದ ಸಂದರ್ಭದಲ್ಲಿ ಕವಿಚಕ್ರವರ್ತಿ ಶಾಂತರಾಜ ಪಂಡಿತನು ಗೊಮ್ಮಟನ ಅಂಗಾಂಗಗಳನ್ನು ಅಳೆದು, ಹಸ್ತ, ಅಂಗುಲಗಳ ಲೆಕ್ಕವನ್ನು ಸರಸಜನಚಿಂತಾಮಣಿ ಎಂಬ ಸಂಸ್ಕೃತ ಕಾವ್ಯದಲ್ಲಿ ನಿಬಂಧಿಸಿದನು. ಅದೇ ವಿಗ್ರಹದ ಎತ್ತರವನ್ನು ಬುಕಾನನ್ 70 ಅಡಿ 3 ಅಂಗುಲವೆಂದೂ, ಆರ್ಥರ್ ವೆಲ್ಲೆಸ್ಲಿ 60 ಅಡಿ 3 ಅಂಗುಲವೆಂದೂ ಬರೆದರು. ಚೀಫ್ ಕಮಿಷನರ್ ಬೌರಿಂಗ್ ಅಟ್ಟಣೆ ಕಟ್ಟಿಸಿ ಅಳೆಸಿದಾಗ 57 ಅಡಿ ಬಂದಿತು. ಕದಲದೆ ನಿಂತ ಒಂದೇ ಶಿಲೆಗೆ ಮೂರು ಪಾಠಗಳು! ಯಾರು, ಎಲ್ಲಿಂದ ಎಲ್ಲಿಗೆ, ಯಾವ ಸಾಧನದಿಂದ ಅಳೆದರೆಂಬುದು ತಿಳಿಯದಿದ್ದರೆ ಸಂಖ್ಯೆಯೂ ಪಾಠಾಂತರವಾಗುತ್ತದೆಂಬುದಕ್ಕೆ ಇದಕ್ಕಿಂತ ನಿದರ್ಶನ ಬೇಡ.

ಈಗ ಮಾದರಿಯನ್ನು ಮಾಡುವ ಕ್ರಮ. ಒಂದು ಬಗೆಯಲ್ಲಿ ಬಿಂಬದ ಸುತ್ತಲೂ ನೂರಾರು ಛಾಯಾಚಿತ್ರಗಳನ್ನು, ಒಂದರ ಬಹುಭಾಗ ಮುಂದಿನದರಲ್ಲಿಯೂ ಬರುವಂತೆ, ತೆಗೆಯುತ್ತಾರೆ. ಒಂದೇ ಬಿಂದು ಬೇರೆಬೇರೆ ಚಿತ್ರಗಳಲ್ಲಿ ಎಲ್ಲೆಲ್ಲಿ ಬಿದ್ದಿದೆಯೆಂಬುದನ್ನು ಗಣಕಯಂತ್ರ ಹೊಂದಿಸಿ, ಆ ಬಿಂದುವಿನ ಸ್ಥಾನವನ್ನು ಲೆಕ್ಕ ಹಾಕುತ್ತದೆ; ಇಂಥ ಲಕ್ಷಾಂತರ ಬಿಂದುಗಳಿಂದ ಮೇಲ್ಮೈ ಮೂಡುತ್ತದೆ. ಇದರ ಮೂಲತತ್ತ್ವ ಹಳೆಯದು. 1858ರಲ್ಲಿ ಜರ್ಮನಿಯ ವೆಟ್ಸ್‌ಲಾರ್ ಇಗರ್ಜಿಯನ್ನು ಅಳೆಯುವಾಗ ಮೇಲಿನಿಂದ ಬೀಳುವುದರಲ್ಲಿದ್ದ ಮೈಡನ್‌ಬಾವರ್ ಎಂಬ ವಾಸ್ತುಶಿಲ್ಪಿಗೆ, ಅಳತೆಯನ್ನು ಚಿತ್ರದಿಂದಲೇ ತೆಗೆದರಾಗದೇ ಎಂದು ಹೊಳೆದುದರಿಂದ ಅದು ಹುಟ್ಟಿತು. ಇನ್ನೊಂದು ಬಗೆಯಲ್ಲಿ ಕೈಯಲ್ಲಿ ಹಿಡಿಯುವ ಸ್ಕ್ಯಾನರ್ ಬೆಳಕಿನ ಪಟ್ಟೆಗಳನ್ನು ಕಲ್ಲಿನ ಮೇಲೆ ಬೀರಿ, ಉಬ್ಬುತಗ್ಗುಗಳ ಮೇಲೆ ಅವು ಬಾಗುವ ರೀತಿಯಿಂದ ಆಕಾರವನ್ನು ಮಿಲಿಮೀಟರಿನ ಅಂಶದವರೆಗೆ ಗ್ರಹಿಸುತ್ತದೆ. ಎರಡರಲ್ಲಿಯೂ ಕಲ್ಲನ್ನು ಮುಟ್ಟುವ ಪ್ರಮೇಯವಿಲ್ಲ.

ಕರ್ನಾಟಕದಲ್ಲಿಯೂ ಈ ಕೆಲಸ ನಡೆದಿದೆ. ಕೇಂದ್ರ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯ ಯೋಜನೆಯೊಂದು ಹಂಪೆಯನ್ನೇ ಪ್ರಯೋಗಕ್ಷೇತ್ರವಾಗಿ ಆರಿಸಿಕೊಂಡಿತು. ಅದರ ಫಲಿತಗಳು 2017ರಲ್ಲಿ ಗ್ರಂಥರೂಪದಲ್ಲಿ ಬಂದವು. 1909ರಲ್ಲಿ ಸ್ಥಾಪನೆಯಾದ ಬೆಂಗಳೂರಿನ ಮಿಥಿಕ್ ಸೊಸೈಟಿಯು 2021ರಿಂದ ಬೆಂಗಳೂರು ಸೀಮೆಯ ಶಿಲಾಶಾಸನಗಳನ್ನು ಸ್ಕ್ಯಾನರ್‌ನಿಂದ ತ್ರಿಪರಿಮಾಣದಲ್ಲಿ ದಾಖಲಿಸುವ ಕಾರ್ಯವನ್ನು ಕೈಗೊಂಡಿತು. ರೈಸ್ ಕಾಲದಲ್ಲಿ ಅಚ್ಚಾದ ಶಾಸನಗಳನ್ನು ಅರಸುತ್ತ ಊರೂರಿಗೆ ಹೋದವರಿಗೆ ಅನೇಕ ಕಲ್ಲುಗಳು ಇದ್ದ ಜಾಗದಲ್ಲಿ ಇಲ್ಲವೆಂದು ತಿಳಿದುಬಂದಿತು. ಉಳಿದವುಗಳ ಮಾದರಿಯ ಮೇಲೆ ಗಣಕಯಂತ್ರದಲ್ಲಿ ಬೆಳಕನ್ನು ಓರೆಯಾಗಿ ಹಾಯಿಸಿದಾಗ, ಬಿಸಿಲಿನಲ್ಲಿ ಕಾಣದ ಅಕ್ಷರಗಳು ನೆರಳಿನಿಂದ ಎದ್ದು ತೋರುತ್ತವೆ. ಪೀಠಶಾಸನಗಳನ್ನು ಓದಬಯಸುವವರಿಗೆ ಇದೊಂದೇ ಸಾಕು. ಒಂದೇ ಬಿಂಬವನ್ನು ಹತ್ತು ವರ್ಷಗಳ ಅಂತರದಲ್ಲಿ ಎರಡು ಸಲ ದಾಖಲಿಸಿ, ಎರಡನ್ನೂ ಒಂದರ ಮೇಲೊಂದು ಇಟ್ಟು ನೋಡಿದರೆ, ಎಲ್ಲಿ ಎಷ್ಟು ಸವೆದಿದೆಯೆಂಬುದು ಅಂಕಿಗಳಲ್ಲಿ ತಿಳಿಯುತ್ತದೆ. ಅಭಿಷೇಕದ ಕ್ರಮದಲ್ಲಿ ಮಾರ್ಪಾಡು ಬೇಕೇ ಬೇಡವೇ ಎಂದು ಮಠಾಧಿಪತಿಗಳು ವಿಚಾರಮಾಡುವಾಗ ಇಂಥ ಆಧಾರವಿದ್ದರೆ ವಾದಕ್ಕೆ ಅವಕಾಶ ಕಡಿಮೆ.

ಬಾಮಿಯಾನಿನ ಬುದ್ಧಮೂರ್ತಿಗಳನ್ನು 2001ರಲ್ಲಿ ಒಡೆದ ಮೇಲೆ, ಆಸ್ಟ್ರಿಯಾದ ಕೋಸ್ಟ್ಕಾ ಎಂಬ ವಿದ್ವಾಂಸ 1970ರಲ್ಲಿ ಅಳತೆಗೆಂದು ತೆಗೆದಿಟ್ಟಿದ್ದ ಚಿತ್ರಗಳಿಂದ ಜ್ಯೂರಿಕ್‌ನವರು ದೊಡ್ಡ ಮೂರ್ತಿಯ ಮಾದರಿಯನ್ನು ಸಿದ್ಧಪಡಿಸಿದರು. ಚಿತ್ರ ತೆಗೆದಾಗ ಅದು ಯಾವ ಕೆಲಸಕ್ಕೆ ಬಂದೀತೆಂದು ಅವನಿಗೆ ತಿಳಿದಿರಲಿಲ್ಲ.

ಇಷ್ಟು ಹೊಗಳಿದ ಮೇಲೆ ಒಂದು ಎಚ್ಚರವನ್ನು ಹೇಳಲೇಬೇಕು. ಈ ಲೇಖನವನ್ನು ಬರೆಯಲು ಮುಖ್ಯ ಪ್ರೇರಣೆಯೂ ಅದೇ. ಯಂತ್ರ ಮಾಡಿದ್ದರಿಂದ ಮಾದರಿಯು ನಿರ್ದುಷ್ಟವೆಂಬ ಭಾವನೆ ಹಬ್ಬುತ್ತಿದೆ. ಅದು ಸರಿಯಲ್ಲ. ಮಾದರಿಯೂ ಒಂದು ಪ್ರತಿ, ಪ್ರತಿಯಲ್ಲಿ ಗ್ರಂಥಪಾತವಿರುವುದು ಸಹಜ. ಎಣ್ಣೆ ಕುಡಿದು ಹೊಳೆಯುವ ಕರಿಶಿಲೆಯ ಮೇಲೆ ಬೆಳಕು ಚದುರಿ ಅಳತೆ ತಪ್ಪುತ್ತದೆ. ಬೇರೆಡೆ ಇದನ್ನು ತಡೆಯಲು ಬಿಳಿಯ ಪುಡಿ ಸಿಂಪಡಿಸುವುದುಂಟು. ಪ್ರತಿಷ್ಠಿತ ಬಿಂಬಕ್ಕೆ ಅದು ಸಲ್ಲದು. ಕಾಯೋತ್ಸರ್ಗದ ಬಿಂಬದಲ್ಲಿ ತೋಳಿಗೂ ಪಕ್ಕೆಗೂ ನಡುವಣ ಸಂದು, ಮುಕ್ಕೊಡೆಯ ಒಳಮೈ, ಸರ್ಪಫಣೆಯ ಹಿಂಬದಿ, ಗೋಡೆಗೆ ಒರಗಿದ ಬೆನ್ನು ಇವಾವುವೂ ಯಂತ್ರದ ಕಣ್ಣಿಗೆ ಪೂರ್ತಿಯಾಗಿ ಬೀಳುವುದಿಲ್ಲ. ಅಲ್ಲೆಲ್ಲ ಮಾದರಿಯಲ್ಲಿ ತೂತು ಉಳಿಯುತ್ತದೆ. ಆಗ ಗಣಕಯಂತ್ರ ಏನು ಮಾಡುತ್ತದೆ? ಸುತ್ತಣ ಮೇಲ್ಮೈಯನ್ನು ನೋಡಿ ತೂತನ್ನು ನುಣ್ಣಗೆ ಮುಚ್ಚಿಬಿಡುತ್ತದೆ. ನೋಡಿದವರಿಗೆ ಅದು ಕಲ್ಲಿನಂತೆಯೇ ಕಾಣುತ್ತದೆ.

ಹಸ್ತಪ್ರತಿಶಾಸ್ತ್ರವನ್ನು ಬಲ್ಲವರಿಗೆ ಈ ಅಪಾಯ ಪರಿಚಿತವಾದದ್ದು. ಮೂಡುಬಿದಿರೆಯ ಸಿದ್ಧಾಂತ ಬಸದಿಯ ತಾಡಪತ್ರಗಳಿಂದ ಧವಲ ಗ್ರಂಥಗಳ ಪ್ರತಿಗಳು 19ನೆಯ ಶತಮಾನದ ಕೊನೆಯಿಂದ ಹೇಗೆ ಹೊರಬಂದವೆಂಬ ವೃತ್ತಾಂತ ಇಲ್ಲಿಯ ವಾಚಕರಿಗೆ ತಿಳಿದದ್ದೇ. 1939ರಲ್ಲಿ ಡಾ. ಹೀರಾಲಾಲ್ ಜೈನರು ಅಮರಾವತಿಯಿಂದ ಷಟ್ಖಂಡಾಗಮದ ಮೊದಲ ಭಾಗವನ್ನು ಪ್ರಕಟಿಸಿದಾಗ ಅವರ ಮುಂದಿದ್ದುದು ಮೂಲ ಓಲೆಗಳಲ್ಲ, ಪ್ರತಿಗಳ ಪ್ರತಿಗಳು. ಸತ್ಪ್ರರೂಪಣೆಯ 93ನೆಯ ಸೂತ್ರದಲ್ಲಿ ‘ಸಂಜದ’ ಎಂಬ ಪದ ಆ ಪ್ರತಿಗಳಲ್ಲಿ ಇರಲಿಲ್ಲ. ಅರ್ಥಸಂಗತಿಯನ್ನು ನೋಡಿದ ಸಂಪಾದಕರಿಗೆ ಅದು ಇರಬೇಕೆನಿಸಿತು. ಹಾಗೆಂದು ಅವರು ಸೂತ್ರದೊಳಕ್ಕೆ ಅದನ್ನು ಸದ್ದಿಲ್ಲದೆ ಸೇರಿಸಲಿಲ್ಲ. ಪಾಠಶೇಷವೆಂದು ತೋರುತ್ತದೆಯೆಂದು ಅಡಿಟಿಪ್ಪಣಿಯಲ್ಲಿ ಸೂಚಿಸಿದರು. ತರುವಾಯ ಮೂಡುಬಿದಿರೆಯ ತಾಡಪತ್ರದೊಡನೆ ತಾಳೆ ನೋಡಿದಾಗ ಆ ಪದ ಅಲ್ಲಿ ಇದ್ದಿತು. ಅದರಿಂದ ಹುಟ್ಟಿದ ಸೈದ್ಧಾಂತಿಕ ಚರ್ಚೆಗೆ ನಾವಿಲ್ಲಿ ಕೈಹಾಕುವುದಿಲ್ಲ. ಗಮನಿಸಬೇಕಾದುದು ಸಂಪಾದಕರ ನಡೆ. ಊಹೆ ಸರಿಯಾಗಿಯೇ ಇದ್ದಿತು. ಆದರೂ ಅದನ್ನು ಊಹೆಯೆಂದೇ ಗುರುತಿಸಿದ್ದರಿಂದ ಮೂಲವನ್ನು ನೋಡಬೇಕೆಂಬ ಅಗತ್ಯ ಉಳಿಯಿತು. ನುಣ್ಣಗೆ ಮುಚ್ಚಿದ ತೂತಿನಲ್ಲಿ ಆ ಅಗತ್ಯವೇ ಅಳಿಸಿಹೋಗುತ್ತದೆ. ನಾಳೆ ಕಲ್ಲು ಸವೆದುಹೋದ ಮೇಲೆ ತಾಳೆ ನೋಡಲು ಮೂಲವೂ ಇರುವುದಿಲ್ಲ.

ಆದುದರಿಂದ ನಮ್ಮ ಬಸದಿಗಳಲ್ಲಿ ಇಂಥ ಕೆಲಸ ನಡೆಯುವುದಾದರೆ ಲಿಪಿಕಾರನ ಪುಷ್ಪಿಕೆಯನ್ನು ಯಂತ್ರಕ್ಕೂ ವಿಧಿಸಬೇಕು. ಕಂಡಂತೆ ಬರೆದೆನು, ದೋಷವಿದ್ದರೆ ಸಜ್ಜನರು ತಿದ್ದಿಕೊಳ್ಳಲೆಂದು ಬೇಡಿಕೊಂಡು, ಸಂವತ್ಸರ, ಮಾಸ, ತಿಥಿ, ಸ್ಥಳ, ಬರೆಯಿಸಿದವರ ಹೆಸರುಗಳನ್ನು ಕೊನೆಯ ಗರಿಯಲ್ಲಿ ಬರೆಯುವ ವಾಡಿಕೆ ನಮ್ಮದು. ಮಾದರಿಯ ಕೊನೆಯಲ್ಲಿಯೂ ಯಾವ ದಿನ, ಯಾವ ಉಪಕರಣ, ಎಷ್ಟು ಚಿತ್ರಗಳು, ಅಳತೆಗೋಲು ಯಾವುದು, ಅಲಂಕಾರ ತೆಗೆದಿತ್ತೋ ಇಲ್ಲವೋ, ಯಾವ ಭಾಗ ಕಾಣಲಿಲ್ಲ ಎಂಬುದು ಇರಬೇಕು. ಮುಚ್ಚಿದ ತೂತುಗಳನ್ನು ಬೇರೆ ಬಣ್ಣದಲ್ಲಿ ತೋರಿಸಬೇಕು. ತಿದ್ದದ ಮೂಲ ಚಿತ್ರಗಳನ್ನು, ಎಷ್ಟೇ ಜಾಗ ಹಿಡಿದರೂ, ಎಸೆಯಬಾರದು. ಅವೇ ನಿಜವಾದ ಮೂಲಪ್ರತಿ, ಮಾದರಿಯು ಅದರ ಪರಿಷ್ಕರಣ ಮಾತ್ರ.

ಗರ್ಭಗೃಹದ ಮಾತು ಸೂಕ್ಷ್ಮವಾದದ್ದು. ಒಳಗೆ ಹೋಗತಕ್ಕವರು ಯಾರು, ಯಾವ ಹೊತ್ತಿನಲ್ಲಿ, ಎಷ್ಟು ಬೆಳಕು ಎಂಬುದನ್ನು ನಿರ್ಣಯಿಸುವ ಅಧಿಕಾರ ಆಯಾ ಕ್ಷೇತ್ರದ ಭಟ್ಟಾರಕರಿಗೂ ಇಂದ್ರರಿಗೂ ಸೇರಿದ್ದು. ಬಸದಿಯ ಇಂದ್ರರಿಗೇ ಕ್ಯಾಮೆರಾ ಹಿಡಿಯುವ ಅಭ್ಯಾಸ ಮಾಡಿಸಿದರೆ ತೊಡಕಿನ ಬಹುಭಾಗ ತಾನಾಗಿ ಕಳೆಯುತ್ತದೆ. ನೋಂಪಿಯ ಕಟ್ಟುಗಳನ್ನು ತಲೆಮಾರಿನಿಂದ ಕಾಪಾಡಿದ ಕೈಗಳಿಗೆ ಅದು ಭಾರವಾಗದು. ಮಾದರಿಯಿಂದ ಯಂತ್ರದಲ್ಲಿ ಎರಕ ಹೊಯ್ದಂತೆ ತೆಗೆಯುವ ಪ್ರತಿಮೆಯ ಬಗೆಗೆ ಕೆಲವರಿಗೆ ಅಳುಕಿದೆ. ಪಂಚಕಲ್ಯಾಣವಿಲ್ಲದೆ ಬಿಂಬವಾಗದೆಂಬುದು ಶಾಸ್ತ್ರ. ಪ್ರತಿಷ್ಠೆಯಾಗದ ಆ ಆಕೃತಿಯನ್ನು ಅಧ್ಯಯನಶಾಲೆಯಲ್ಲಿ ಇರಿಸುವುದರಲ್ಲಿ ದೋಷವೇನೂ ನಮಗೆ ತೋರುವುದಿಲ್ಲ. ಮಾದರಿಯನ್ನು ಎಲ್ಲರಿಗೂ ತೆರೆದಿಡಬೇಕೆಂಬ ವಾದವನ್ನು ಮಾತ್ರ ನಾವು ಪೂರ್ತಿಯಾಗಿ ಒಪ್ಪಲಾರೆವು. 2013ರಲ್ಲಿ ಮೂಡುಬಿದಿರೆಯ ಸಿದ್ಧಾಂತ ದರ್ಶನದ ಅಮೂಲ್ಯ ಬಿಂಬಗಳು ಕಳವಾದುದನ್ನು ಮರೆಯುವಂತಿಲ್ಲ. ಕಳವಾದುದನ್ನು ಗುರುತಿಸಲು ಸೂಕ್ಷ್ಮ ಅಳತೆ ಇರಬೇಕು. ಬಿಂಬವಿರುವ ಮೂಲೆಯ ನಕ್ಷೆ ಎಲ್ಲರ ಕೈಯಲ್ಲಿರಬೇಕಾಗಿಲ್ಲ.

ಇನ್ನು ಉಳಿಕೆಯ ಪ್ರಶ್ನೆ. ಓಲೆಗರಿ ಬೆಚ್ಚನೆಯ ಹೊಗೆಯಲ್ಲಿ, ಎಣ್ಣೆಯ ಲೇಪದಲ್ಲಿ ಐನೂರು ವರ್ಷ ಬಾಳಿದುದನ್ನು ಕಂಡಿದ್ದೇವೆ. ಗಣಕಯಂತ್ರದ ತಟ್ಟೆ ಹತ್ತು ವರ್ಷ ಬಾಳಿದರೆ ಹೆಚ್ಚು. ಬಾಳಿದರೂ ಅದನ್ನು ತೆರೆಯುವ ತಂತ್ರಾಂಶ ಮಾಯವಾಗಿರುತ್ತದೆ. ಇದಕ್ಕೆ ಮದ್ದು ಪ್ರತಿಗಳನ್ನು ಮತ್ತೆ ಮತ್ತೆ ಮಾಡಿಸಿ ಬೇರೆಬೇರೆ ಭಂಡಾರಗಳಿಗೆ ಹಂಚುವುದು. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದ ಅತ್ತಿಮಬ್ಬೆಯು ಸಾವಿರದೈನೂರು ಜಿನಬಿಂಬಗಳನ್ನೂ ಮಾಡಿಸಿ ಕೊಟ್ಟಳೆಂದು ಪ್ರಸಿದ್ಧಿ. ಗ್ರಂಥಕ್ಕೂ ಬಿಂಬಕ್ಕೂ ಅವಳು ಎರಡು ನೀತಿಯನ್ನು ಇಟ್ಟುಕೊಂಡಿರಲಿಲ್ಲ. ಶಾಸ್ತ್ರದಾನಕ್ಕೆ ಹಣ ಬಿಡುವ ಶ್ರಾವಕರು ಈ ಬಗೆಯ ಪ್ರತಿಗಳನ್ನೂ ಅದರಲ್ಲಿ ಸೇರಿಸಿಕೊಂಡರೆ ಸಂಪ್ರದಾಯಕ್ಕೆ ಹೊರತಾಗದು.

ಕೆಲಸವನ್ನು ಎಲ್ಲಿಂದ ತೊಡಗಬೇಕೆಂದು ಕೇಳಿದರೆ, ಗರ್ಭಗೃಹಗಳಿಂದಲ್ಲ, ಬಯಲಿನ ಕಲ್ಲುಗಳಿಂದ ಎಂಬುದು ನಮ್ಮ ಅಭಿಪ್ರಾಯ. ಕೊಪ್ಪ, ನರಸಿಂಹರಾಜಪುರ ತಾಲ್ಲೂಕುಗಳ ತೋಟಗಳ ಅಂಚಿನ ನಿಷಿಧಿಗಳಿಗೆ ಅಪ್ಪಣೆಯ ತೊಡಕು ಕಡಿಮೆ, ಅಪಾಯ ಹೆಚ್ಚು. ಮಳೆಗಾಲ ಕಳೆದು ಪಾಚಿ ಒಣಗಿದ ಮಾಘ, ಫಾಲ್ಗುಣಗಳಲ್ಲಿ ಕಲ್ಲಿನ ಮೈ ಚೆನ್ನಾಗಿ ಕಾಣುತ್ತದೆ. ರೈಸ್ ಸಂಪುಟದ ಕೊಪ್ಪ, ಶೃಂಗೇರಿ ಅಂಕಿಗಳನ್ನು ಕೈಯಲ್ಲಿ ಹಿಡಿದು, ಒಂದೊಂದು ಕಲ್ಲು ಇದೆಯೋ ಇಲ್ಲವೋ ಎಂದು ನೋಡುತ್ತ ಹೋಗಬೇಕು. ಯಂತ್ರ ನಡೆಸುವ ತರುಣನ ಜೊತೆಗೆ 12ನೆಯ ಶತಮಾನದ ಲಿಪಿಯನ್ನೂ ಲಾಂಛನಗಳನ್ನೂ ಬಲ್ಲ ಒಬ್ಬ ಪಂಡಿತರು ಇರಲೇಬೇಕು. ಪೀಠದ ನಡುವೆ ಸವೆದುಳಿದ ಬಾಗುಗೆರೆ ಚಂದ್ರಪ್ರಭನ ಅರ್ಧಚಂದ್ರವೋ, ಉಳಿ ಜಾರಿದ ಗೀರೋ ಎಂಬುದನ್ನು ಕಲ್ಲಿನ ಮುಂದೆ ನಿಂತಾಗಲೇ ಹೇಳಬಲ್ಲವರು ಅವರು. ಅದನ್ನು ಅಲ್ಲಿಯೇ ಪುಷ್ಪಿಕೆಯಲ್ಲಿ ಬರೆಯಿಸತಕ್ಕದ್ದು.